ಬಿಡಿ ಬೀಡಿಯಾದ ಹಾಡು

(ಶಿವಮೊಗ್ಗದ ಒಂದು ಕಾಲೇಜಿನಲ್ಲಿ, ಮಧ್ಯಾಹ್ನದ ಊಟ ಆದಮೇಲೆ, ಅರ್ಧ ನಿದ್ದೆಯಲ್ಲಿದ್ದ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರೆದುಕೊಳ್ಳುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಗಿಟಾರ್ ನುಡಿಸಿ ತೋರಿಸಿದ್ದನ್ನು ಕಾಗದದ ಮೇಲೆ ಕೇಳಿಸಲು ಆಗುವುದಿಲ್ಲ. ಅಂಥ ಕಡೆ ಬಾಯಿಮಾತಿನಲ್ಲೇ ಹೇಳಿದ್ದೇನೆ.)

ನನಗೆ ಕೊಟ್ಟ ವಿಷಯ ದೊಡ್ಡದಿದೆ. "ನಿಮ್ಮ ಹಾಡುಗಳು, ನಿಮ್ಮ ಮೇಲಾದ ಪ್ರಭಾವಗಳು, ಸ್ಫೂರ್ತಿಯ ಕ್ಷಣಗಳು." ಕೊನೆಯದನ್ನು ಓದಿದಾಗ ಸ್ವಲ್ಪ ಹೆದರಿಕೆಯಾಯಿತು. ಈ ಜಿಲ್ಲೆಯವನು ಅಂದಮೇಲೆ ಜೋಗದ ಮುಂದೆ ನಿಂತಾಗ ಹಾಡು ಹುಟ್ಟಿತು ಅಂತ ಹೇಳಬೇಕು, ಅಲ್ವಾ? ನಾನು ಜೋಗಕ್ಕೆ ಹೋದಾಗಲೆಲ್ಲ ಒಂದೋ ಮಂಜು ಮುಚ್ಚಿಕೊಂಡಿರುತ್ತದೆ, ಇಲ್ಲವೋ ನೀರಿರುವುದಿಲ್ಲ. ಸುಟ್ಟ ಜೋಳ ತಿಂದು ವಾಪಸ್ ಬಂದಿದ್ದೇನೆ. ಹಾಡು ಹುಟ್ಟಿಲ್ಲ.

ನನ್ನ ಹಾಡುಗಳು ಮೊದಲು ಕೆಟ್ಟು, ಆಮೇಲೆ ರಿಪೇರಿಯಾದವು. ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಮಾನ ಹೋದ ಹಾಡಿನಿಂದಲೇ ಶುರು ಮಾಡುತ್ತೇನೆ.

2016ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದೆ. ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಪೀಜಿಯಲ್ಲಿ ಒಂದು ಮಂಚದ ಜಾಗ. ಸಂಬಳ ಬಂದ ಮೂರನೇ ತಿಂಗಳು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್, ಒಂದು ಸೆಕೆಂಡ್ ಹ್ಯಾಂಡ್ ಕಂಡೆನ್ಸರ್ ಮೈಕು ತಗೊಂಡೆ. ಈ ಮೈಕಿಗೆ ಒಂದು ಗುಣ ಇದೆ. ನೀವು ಹಾಡಿದ್ದೂ ಕೇಳುತ್ತದೆ, ಪಕ್ಕದ ಮನೆಯ ಮಿಕ್ಸಿಯೂ ಕೇಳುತ್ತದೆ. ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿ, ಮೇಲಿಂದ ಎರಡು ರಗ್ಗು ಇಳಿಬಿಟ್ಟು, ಅದರೊಳಗೆ ತಲೆ ತೂರಿಸಿಕೊಂಡು ಹಾಡುತ್ತಿದ್ದೆ. ರೂಮ್‌ಮೇಟ್ ನನ್ನ ಕಾಲು ಮಾತ್ರ ನೋಡುತ್ತಿದ್ದ.

ಆಗ ಹಾಡು ಮಾಡುತ್ತಿದ್ದ ಕ್ರಮ ಹೀಗೆ. ಮೊದಲು ಗಿಟಾರ್ ಮೇಲೆ ಒಂದು ಟ್ಯೂನ್. ಅದಕ್ಕೆ ಡಮ್ಮಿ ಪದ. ಡಮ್ಮಿ ಅಂದರೆ ಇಂಗ್ಲಿಷಿನ ಹಾಗೆ ಕೇಳುವ, ಆದರೆ ಇಂಗ್ಲಿಷ್ ಅಲ್ಲದ ಏನೋ ಒಂದು ಗೊಣಗಾಟ. ಟ್ಯೂನ್ ಗಟ್ಟಿಯಾದ ಮೇಲೆ ಅದರೊಳಗೆ ಕನ್ನಡ ಪದ ಕೂರಿಸುವುದು. ಹಾಡಿನ ಮುಖ್ಯ ಸಾಲು "ಹೋಗಲಿ ಬಿಡಿ". ನನಗೆ ಬಹಳ ಇಷ್ಟದ ಮಾತು ಅದು. ಬಸ್ಸು ತಪ್ಪಿದರೂ, ಮದುವೆ ಮುರಿದರೂ ನಮ್ಮವರು ಇದನ್ನೇ ಹೇಳುತ್ತಾರೆ. ಟ್ಯೂನಿನಲ್ಲಿ ಕೊನೆಗೆ ಒಂದು ಉದ್ದ ಸ್ವರ ಇತ್ತು. ಅದು ಸರಿಯಾಗಿ "ಬಿ" ಮೇಲೆ ಬಿತ್ತು.

ಒಂದು ಚಿಕ್ಕ ಕೆಫೆಯಲ್ಲಿ ಮೊದಲ ಸಲ ಹಾಡಿದೆ. ಮೂವತ್ತು ಜನ ಇದ್ದರು. ಕಣ್ಣು ಮುಚ್ಚಿಕೊಂಡು, ಭಾವ ತುಂಬಿಕೊಂಡು, ಎಂಟು ಸಲ ಆ ಸಾಲು ಹಾಡಿದೆ. ಮುಗಿದ ಮೇಲೆ ಹಿಂದೆ ನಿಂತಿದ್ದ ಒಬ್ಬರು ಹತ್ತಿರ ಬಂದು ತುಂಬಾ ಗೌರವದಿಂದ ಕೇಳಿದರು: "ಚೆನ್ನಾಗಿತ್ತು ಸಾರ್. ಯಾವ ಕಂಪನಿ ಬೀಡಿ?"

ನೀವು ಈಗ ನಕ್ಕಿರಿ. ಅವತ್ತು ನಾನು ನಗಲಿಲ್ಲ. ರೂಮಿಗೆ ಹೋಗಿ ರೆಕಾರ್ಡಿಂಗ್ ಕೇಳಿದೆ. ಹೌದು. "ಹೋಗಲಿ ಬೀ...ಡಿ." ಎಂಟು ಸಲ.

ಇದು ನಮ್ಮ ಭಾಷೆಯ ಸೂಕ್ಷ್ಮ. ಹ್ರಸ್ವ, ದೀರ್ಘ ಅಂತ ಎರಡನೇ ಕ್ಲಾಸಿನಲ್ಲಿ ಕಲಿತು ಮರೆತುಬಿಟ್ಟಿರುತ್ತೇವೆ. ಬಳೆ ಎಳೆದರೆ ಬಾಳೆ. ಮರ ಎಳೆದರೆ ಮಾರ. "ಅವಳ ಕೈಯ ಬಳೆ" ಅಂತ ಬರೆದುಕೊಂಡು, ತಪ್ಪು ಜಾಗದಲ್ಲಿ ಎಳೆದರೆ, ಹುಡುಗಿ ಸಂತೆಯಿಂದ ಬಾಳೆಹಣ್ಣು ತರುತ್ತಿರುತ್ತಾಳೆ. ಇಂಗ್ಲಿಷ್ ಹಾಡುಗಾರರಿಗೆ ಈ ತೊಂದರೆ ಇಷ್ಟಿಲ್ಲ. ಅಲ್ಲಿ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. ನಾನು ಆ ಕಿವಿಯಿಂದ ಟ್ಯೂನ್ ಮಾಡಿ, ಈ ಬಾಯಿಂದ ಪದ ತುಂಬುತ್ತಿದ್ದೆ.

"ಶಾಸ್ತ್ರೀಯ ಸಂಗೀತದಲ್ಲಿ ಎಲ್ಲ ಅಕ್ಷರವನ್ನೂ ಎಳೆಯುತ್ತಾರಲ್ಲ?" ಅಂತ ಸಂಗೀತ ಕಲಿತ ಗೆಳತಿಯೊಬ್ಬಳು ಜಗಳ ತೆಗೆದಳು. ನಿಜ, ಎಳೆಯುತ್ತಾರೆ. ಆದರೆ ಅಲ್ಲಿ ಕೇಳುವವರಿಗೆ ದೇವರನಾಮ ಮೊದಲೇ ಬಾಯಿಪಾಠ. ನನ್ನ ಹಾಡನ್ನು ಕೆಫೆಯಲ್ಲಿ ಕೇಳುವವನು ಅದೇ ಮೊದಲು ಕೇಳುತ್ತಿರುತ್ತಾನೆ, ಜೊತೆಗೆ ಕಾಫಿ ಮೆಷಿನ್ ಬೇರೆ ಬುಸುಗುಡುತ್ತಿರುತ್ತದೆ.

ರಿಪೇರಿ ಸುಲಭವಾಗಿತ್ತು. ಉದ್ದ ಸ್ವರವನ್ನು ಹಿಂದಕ್ಕೆ ತಂದೆ. "ಹೋ" ಈಗಾಗಲೇ ದೀರ್ಘ. ಅದನ್ನು ಎಷ್ಟು ಬೇಕಾದರೂ ಎಳೆಯಬಹುದು, ಅದು ಹೋ ಆಗಿಯೇ ಇರುತ್ತದೆ. "ಹೋ...ಗಲಿ ಬಿಡಿ." "ಬಿಡಿ" ಟಪ್ ಅಂತ ಮುಗಿಯಬೇಕು. ಮಾತಾಡುವಾಗಲೂ ಹಾಗೇ ಅಲ್ವಾ ಹೇಳುವುದು? ಕೈ ಕೊಡವಿದ ಹಾಗೆ. ಟ್ಯೂನ್ ಮೊದಲಿಗಿಂತ ಚೆನ್ನಾಯಿತು. ಅದು ನನ್ನ ಬುದ್ಧಿ ಅಲ್ಲ, ಆ ಮಾತಿನೊಳಗೇ ಇದ್ದ ಟ್ಯೂನ್.

ಇನ್ನು ಪ್ರಭಾವ. ಇಂಡಿ ಮ್ಯೂಸಿಕ್, ಅಂದರೆ ಸಿನಿಮಾದ ಹೊರಗೆ ಸ್ವಂತ ಹಾಡು ಮಾಡುವವರನ್ನು ಈ ಪ್ರಶ್ನೆ ಕೇಳಿದರೆ ದೂರದ ಹೆಸರುಗಳು ಬರುತ್ತವೆ. ನಾನೂ ಹೇಳುತ್ತಿದ್ದೆ. ಸ್ವಲ್ಪ ಗತ್ತು ಬರುತ್ತದೆ. ನಿಜ ಏನೆಂದರೆ ನಮ್ಮ ಮನೆಯಲ್ಲಿ ಒಂದು ಟೇಪ್‌ರೆಕಾರ್ಡರ್, ಹನ್ನೆರಡು ಹದಿಮೂರು ಕ್ಯಾಸೆಟ್ಟು ಇದ್ದವು. ಅದರಲ್ಲಿ ಒಂದು "ನಿತ್ಯೋತ್ಸವ". ನಿಸಾರ್ ಅಹಮದ್ ಅವರ ಪದ್ಯಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. 1978ರಲ್ಲಿ ಬಂದದ್ದು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದೇ. ನಾನು ಹುಟ್ಟುವ ಮೊದಲೇ ನಮ್ಮನೆಯಲ್ಲಿ ಟೇಪು ಎರಡು ಸಲ ಸಿಕ್ಕಿಹಾಕಿಕೊಂಡು, ಪೆನ್ಸಿಲ್ ತೂರಿಸಿ ಸುತ್ತಿ ಸರಿಮಾಡಿ ಆಗಿತ್ತಂತೆ. ಒಂದು ಕಡೆ ಹಾಡು ಅರ್ಧ ಸೆಕೆಂಡ್ ಹಾರುತ್ತದೆ. ಈಗಲೂ ಬೇರೆ ಎಲ್ಲಾದರೂ ಆ ಹಾಡು ಕೇಳಿದರೆ, ಆ ಜಾಗದಲ್ಲಿ ಹಾರದೇ ಇದ್ದಾಗ ನನಗೆ ಎಡವಿದ ಹಾಗಾಗುತ್ತದೆ.

ಆ ಹಾಡನ್ನು ನೀವೆಲ್ಲ ಶಾಲೆಯಲ್ಲಿ ಹಾಡಿದ್ದೀರಿ. ಒಂದು ಪದ ಗಮನಿಸಿದ್ದೀರಾ? ಸಹ್ಯಾದ್ರಿಯ ಮಾತು ಬರುವಾಗ "ಲೋಹದದಿರ" ಅಂತ ಬರುತ್ತದೆ. ಅದಿರು. ಕಬ್ಬಿಣದ ಅದಿರು, ಮ್ಯಾಂಗನೀಸ್ ಅದಿರು ಅಂತ ಪೇಪರಿನಲ್ಲಿ ಬರುವ ಅದಿರು. ಇಷ್ಟು ಸುಂದರವಾದ ನಾಡಗೀತೆಯಂಥ ಹಾಡಿನಲ್ಲಿ ಗಣಿಯ ಪದ ಹೇಗೆ ಬಂತು? ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು. ಇದೇ ಊರಿನಲ್ಲೂ ಪಾಠ ಮಾಡಿದ್ದವರು. ಬೇರೆ ಕವಿ ಆಗಿದ್ದರೆ ಸಹ್ಯಾದ್ರಿಯ ಹಸಿರು, ಮಂಜು ನೋಡುತ್ತಿದ್ದರು. ಅವರು ಬೆಟ್ಟದ ಹೊಟ್ಟೆಯೊಳಗಿನ ಕಲ್ಲು ನೋಡಿದರು. ಹಸಿರನ್ನೂ ನೋಡಿದರು, ಅದು ಬೇರೆ. ಈ ಒಂದು ಪದ ನನಗೆ ಕಲಿಸಿದಷ್ಟು ಯಾವ ಆನ್‌ಲೈನ್ ಕೋರ್ಸೂ ಕಲಿಸಿಲ್ಲ. ನಿನ್ನ ಕೆಲಸದ ಪದ, ನಿನ್ನ ಮನೆಯ ಪದ ಹಾಡಿಗೆ ಬರಲಿ. "ಚಂದಿರ", "ಹೃದಯ", "ಮೌನ" ಈ ಮೂರನ್ನು ಎಲ್ಲರೂ ಎಳೆದಾಡಿ ಅವು ಸವೆದುಹೋಗಿವೆ.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ನಾವು "ಸ್ವತಂತ್ರ ಸಂಗೀತ" ಅಂತ ಹೊಸದಾಗಿ ಏನೋ ಕಂಡುಹಿಡಿದವರ ಹಾಗೆ ಮಾತಾಡುತ್ತೇವೆ. ಹಗಲು ಆಫೀಸು, ರಾತ್ರಿ ಹಾಡು, ಸಿನಿಮಾದ ಹಂಗಿಲ್ಲ ಅಂತ. ಶಿವಮೊಗ್ಗ ಸುಬ್ಬಣ್ಣ ಏನಾಗಿದ್ದರು? ವಕೀಲರು. "ಕಾಡು ಕುದುರೆ" ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, ಹಿನ್ನೆಲೆ ಗಾಯನಕ್ಕೆ ಆ ಗೌರವ ತಂದ ಮೊದಲ ಕನ್ನಡಿಗ ಆದವರು, ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಿದ್ದರು. ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಎರಡು ದಶಕಕ್ಕೂ ಜಾಸ್ತಿ ಕೆಲಸ ಮಾಡಿದರು. ಟೆಲಿಫೋನ್ ಮಾಡುವ ಕಾರ್ಖಾನೆ. ಆ ಗಂಟಲು, ಆ ಆರ್ಭಟ, ಬೆಳಗ್ಗೆ ಎದ್ದು ಡ್ಯೂಟಿಗೆ! ನಮಗಿಂತ ಮೊದಲಿನ ಇಂಡಿಗಳು ಇವರೇ. ಆ ಪದ ಅವರಿಗೆ ಬೇಕಾಗಿರಲಿಲ್ಲ ಅಷ್ಟೇ.

ಒಂದು ದೊಡ್ಡ ವ್ಯತ್ಯಾಸ ಇದೆ. ಅವರ ಕೈಯಲ್ಲಿ ಮೊದಲು ಪದ್ಯ ಇರುತ್ತಿತ್ತು. ಟ್ಯೂನು ಆಮೇಲೆ. ಪದ್ಯದ ಹ್ರಸ್ವ ದೀರ್ಘ ಮೊದಲೇ ಗೊತ್ತು, ಹಾಗಾಗಿ ಬೀಡಿ ಸೇದುವ ಪ್ರಮೇಯ ಬರಲಿಲ್ಲ. ಮೊದಲು ಟ್ಯೂನು, ಆಮೇಲೆ ಪದ ಅನ್ನುವುದು ಸಿನಿಮಾದವರ ಅಭ್ಯಾಸ. ಸಿನಿಮಾದಿಂದ ಸ್ವತಂತ್ರ ಅಂತ ಎದೆ ತಟ್ಟಿಕೊಳ್ಳುವ ನಾವು ಆ ಅಭ್ಯಾಸ ಮಾತ್ರ ಬಿಡಲಿಲ್ಲ. ನಾನೇನೂ ಪೂರ್ತಿ ಬಿಟ್ಟಿಲ್ಲ. ಸೋಮಾರಿತನ.

2008ರಲ್ಲಿ ನಾನು ಹೈಸ್ಕೂಲು. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದ ವರ್ಷ. ನಮಗೆ ಸಿಕ್ಕಿದ್ದು ಬ್ಲೂಟೂತಿನಲ್ಲಿ, ಒಬ್ಬನ ಫೋನಿಂದ ಇನ್ನೊಬ್ಬನ ಫೋನಿಗೆ. ಆಗ ಅದು ಕಳ್ಳತನ ಅಂತ ಅನ್ನಿಸಿರಲಿಲ್ಲ. ಅದರಲ್ಲಿ ಶಿಶುನಾಳ ಶರೀಫರ "ಸೋರುತಿಹುದು ಮನೆಯ ಮಾಳಿಗಿ" ಇತ್ತು. ಶರೀಫರು ನನಗೆ ಅಶ್ವತ್ಥ್ ಗಂಟಲಿನಲ್ಲಿ ಮಾತ್ರ ಗೊತ್ತಿದ್ದರು. ಗಿಟಾರಿನ ಜೊತೆ ಕೇಳಿದಾಗ ಮೊದಲು ಸಿಟ್ಟು ಬಂತು. ನಾಲ್ಕನೇ ಸಲಕ್ಕೆ ನಾನೂ ಕಾಲು ಕುಣಿಸುತ್ತಿದ್ದೆ. ಶರೀಫರು 1889ರಲ್ಲಿ ತೀರಿಕೊಂಡವರು. ಈಗಿನ ಹಾವೇರಿ ಜಿಲ್ಲೆಯ ಹಳ್ಳಿಯವರು. ಎಷ್ಟೋ ವರ್ಷ ಏಕತಾರಿಯ ಮೇಲೆ ನಡೆದುಬಂದ ಪದ, ಹಾರ್ಮೋನಿಯಂ ಹತ್ತಿತು, ಆಮೇಲೆ ಗಿಟಾರ್ ಹತ್ತಿತು. ಕೆಳಗೆ ಬೀಳಲಿಲ್ಲ.

ಶರೀಫರನ್ನು ಎಲ್ಲ ಬ್ಯಾಂಡಿನವರೂ ಯಾಕೆ ಹಾಡುತ್ತಾರೆ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ವೇದಿಕೆ ಮೇಲೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹಕ್ಕಿನ ಗಲಾಟೆ ಇಲ್ಲ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಅವರ ಬರಹದ ಹಕ್ಕು ಮನೆಯವರದ್ದು. ಶರೀಫರು, ಪುರಂದರದಾಸರು, ವಚನಕಾರರು ಎಲ್ಲ ಆ ಗಡಿ ಎಂದೋ ದಾಟಿದ್ದಾರೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅಂದರೆ 2041ರ ಕೊನೆಯವರೆಗೆ ಕೇಳಿಯೇ ಹಾಡಬೇಕು. ಕುವೆಂಪು 1994. ಲೆಕ್ಕ ನೀವೇ ಹಾಕಿ. ನಾನು ಬೇಂದ್ರೆಯವರ ಒಂದು ಪದ್ಯಕ್ಕೆ ಆರು ತಿಂಗಳು ಕೂತು ಟ್ಯೂನ್ ಮಾಡಿ, ಆಮೇಲೆ ಈ ವಿಷಯ ತಿಳಿದುಕೊಂಡವನು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇನ್ನೂ ಇದೆ. ಅನುಮತಿ ಕೇಳಲು ನಾಚಿಕೆ. ಟ್ಯೂನು ಅಷ್ಟು ಚೆನ್ನಾಗಿಲ್ಲ ಅನ್ನುವುದೂ ಒಂದು ಕಾರಣ.

ಎರಡನೇ ಹಾಡು ರೈಲಿನದ್ದು. ಅದನ್ನು ಬೇಗ ಮುಗಿಸುತ್ತೇನೆ. ಬೆಂಗಳೂರಿಂದ ಊರಿಗೆ ರಾತ್ರಿ ರೈಲಿನಲ್ಲಿ ಬರುವಾಗ, ರೈಲಿನ ಸದ್ದನ್ನೇ ತಾಳ ಮಾಡಿಕೊಂಡು ಹಾಡು ಮಾಡೋಣ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕೇಳಿದರೆ ಬರೀ ಫ್ಯಾನಿನ ಗುಂಯ್. "ಡಡಕ್ ಡಡಕ್" ಎಲ್ಲಿ ಹೋಯಿತು? ಆಮೇಲೆ ರೈಲ್ವೆಯಲ್ಲಿರುವ ಗೆಳೆಯ ಹೇಳಿದ. ಮೊದಲು ಹಳಿಗಳನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದರು, ನಡುವೆ ಸಣ್ಣ ಸಂದು ಇರುತ್ತಿತ್ತು, ಚಕ್ರ ಅದರ ಮೇಲೆ ಕುಟ್ಟುತ್ತಿತ್ತು. ಈಗ ಬೆಸುಗೆ ಹಾಕಿ ಉದ್ದಕ್ಕೆ ಒಂದೇ ಹಳಿ ಮಾಡುತ್ತಾರೆ. ಸಂದು ಇಲ್ಲ, ಸದ್ದಿಲ್ಲ. ಆದರೆ ಸ್ಟೇಷನ್ ಹತ್ತಿರ ಹಳಿ ಕವಲೊಡೆಯುವ ಕಡೆ ಮಾತ್ರ ಈಗಲೂ ಕುಟ್ಟುತ್ತದೆ. ಮುಂದಿನ ಸಲ ಬೀರೂರು ಬರುವ ಹೊತ್ತಿಗೆ ಅಲಾರಂ ಇಟ್ಟುಕೊಂಡು ಎದ್ದು ರೆಕಾರ್ಡ್ ಮಾಡಿದೆ. ಹನ್ನೊಂದು ಸೆಕೆಂಡ್ ಸಿಕ್ಕಿತು. ಆ ಹನ್ನೊಂದು ಸೆಕೆಂಡೇ ಹಾಡಿನ ಶುರುವಿನಲ್ಲಿದೆ. ಚಹಾದವನ ಕೂಗೂ ಬಿದ್ದಿದೆ, ತೆಗೆಯಲು ಮನಸ್ಸಾಗಲಿಲ್ಲ.

ಆ ಹಾಡಿಗೆ ಒಂದು ಸಣ್ಣ ಕಿರಿಕಿರಿಯೂ ಆಯಿತು. ದುಡ್ಡು ಕೊಟ್ಟು ತಗೊಂಡಿದ್ದ ಒಂದು ರೆಡಿಮೇಡ್ ತಬಲಾ ಲೂಪನ್ನು, ಅಂದರೆ ತಿರುತಿರುಗಿ ನುಡಿಯುವ ತುಣುಕನ್ನು, ಹಿನ್ನೆಲೆಗೆ ಬಳಸಿದ್ದೆ. ಅದೇ ಲೂಪನ್ನು ಇನ್ಯಾರೋ ತಮ್ಮ ಹಾಡಿಗೂ ಹಾಕಿಕೊಂಡು, ನನಗಿಂತ ಮೊದಲು ರಿಜಿಸ್ಟರ್ ಮಾಡಿದ್ದರು. ಕಂಪ್ಯೂಟರ್ ನನ್ನ ಹಾಡು ನೋಡಿ "ಇದು ಅವರದ್ದು" ಅಂದಿತು. ಬಿಡಿಸಿಕೊಳ್ಳಲು ಮೂರು ವಾರ ಪತ್ರ ಬರೆದೆ. ಹಾಡಿಗೂ ಆಧಾರ್ ನಂಬರಿನ ಹಾಗೆ ಒಂದು ಗುರುತು ಇರುತ್ತದೆ, ಐಎಸ್‌ಆರ್‌ಸಿ ಅಂತ. ಅದೂ 12 ಅಕ್ಷರ-ಅಂಕಿಗಳದ್ದೇ. ಆ ನಂಬರ್ ಇದ್ದರೂ ನಾನೇ ನಾನು ಅಂತ ಸಾಬೀತು ಮಾಡಬೇಕಾಯಿತು. ಅವತ್ತಿನಿಂದ ತಬಲಾ ಬೇಕಾದರೆ ತಬಲಾದವರನ್ನೇ ಕರೆಯುತ್ತೇನೆ. ದುಡ್ಡಿನ ಬಗ್ಗೆ ಕೇಳಬೇಕು ಅಂತಿದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಮೊದಲ ಮೂರು ತಿಂಗಳ ರಾಯಲ್ಟಿಯಲ್ಲಿ ಇಬ್ಬರು ಮಸಾಲೆ ದೋಸೆ ತಿನ್ನಬಹುದಿತ್ತು. ಕಾಫಿ ಕೈಯಿಂದ.

ಈಗ ಮೂರನೆಯದು. ಇದಿನ್ನೂ ಮುಗಿದಿಲ್ಲ, ಆದರೆ ಹೇಳುವುದಕ್ಕೆ ಜಾಸ್ತಿ ಇರುವುದು ಇದರ ಬಗ್ಗೆಯೇ.

ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪನ ಮನೆ. ಅಡಿಕೆ ತೋಟ ಸ್ವಲ್ಪ ಇದೆ. ಸುಲಿತದ ಕಾಲದಲ್ಲಿ ಹೋಗಿದ್ದೆ. ಜಗಲಿ ತುಂಬಾ ಹಸಿ ಅಡಿಕೆ, ಚೊಗರಿನ ವಾಸನೆ, ಏಳೆಂಟು ಜನ ಮೆಟ್ಟುಗತ್ತಿ ಮುಂದೆ. ರಾತ್ರಿ ಹತ್ತರ ಮೇಲೆ ನಿದ್ದೆ ಬರಬಾರದು ಅಂತ ಯಾರಾದರೂ ಏನಾದರೂ ಹೇಳುತ್ತಿರಬೇಕು. ದೊಡ್ಡಪ್ಪ ಕುಮಾರವ್ಯಾಸ ಶುರು ಮಾಡಿದರು. ಅವರು ಗಮಕಿ ಅಲ್ಲ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕ ನೀವು ಕೇಳಿರುತ್ತೀರಿ. ಅಲ್ಲಿ ರಾಗ ಉಂಟು, ತಾಳದ ಕಟ್ಟಿಲ್ಲ, ಅರ್ಥ ನೋಡಿಕೊಂಡು ನಿಲ್ಲಿಸುತ್ತಾರೆ, ಎಳೆಯುತ್ತಾರೆ. ದೊಡ್ಡಪ್ಪನದ್ದು ಹಾಗಲ್ಲ. ಹುಡುಗರಾಗಿದ್ದಾಗ ಮೇಷ್ಟ್ರು ಬಾಯಿಪಾಠ ಮಾಡಿಸಿದ ಹಾಗೇ, ಮಗ್ಗಿ ಹೇಳಿದ ಹಾಗೆ, ಗಡಗಡ ಹೇಳಿಕೊಂಡು ಹೋಗುತ್ತಾರೆ.

ಶ್ರೀವ, ನಿತೆಯರ, ಸನೆವಿ, ಮಲರಾ. ಜೀವ, ಪೀಠನ, ಪಿತನೆ, ಜಗಕತಿ.

ಬೆರಳಲ್ಲಿ ಎಣಿಸಿ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಸೊನ್ನೆ ಇರುವುದಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು. ಮೂರು, ನಾಲ್ಕು, ಮೂರು, ನಾಲ್ಕು. ಆರು ಸಾಲಿನ ಭಾಮಿನಿ ಷಟ್ಪದಿ. ಪಿಯುಸಿಯಲ್ಲಿ ಪ್ರಸ್ತಾರ ಹಾಕಿ ಎರಡು ಮಾರ್ಕು ತಗೊಂಡಿದ್ದೆ. ಅಷ್ಟರ ಹೊರತು ಅದು ಏನಕ್ಕೆ ಅಂತ ಗೊತ್ತಿರಲಿಲ್ಲ. ಇನ್ನೊಂದು ನೋಡಿ. "ರಾಜೀವ" ಅನ್ನುವ ಪದವನ್ನು ಕವಿ ಮುರಿದು "ರಾ" ಮೊದಲ ಸಾಲಿನ ಕೊನೆಗೆ, "ಜೀವ" ಎರಡನೇ ಸಾಲಿಗೆ ಇಟ್ಟಿದ್ದಾನೆ. ನಮ್ಮ ಡ್ರಮ್ಮರ್ ಇಂಥದ್ದನ್ನು ಮಾಡಿದರೆ ನಾವು "ಏನ್ ಟೈಮಿಂಗ್ ಗುರೂ" ಅನ್ನುತ್ತೇವೆ.

ಅಲ್ಲಿ ಕೂತು ಅಡಿಕೆ ಸುಲಿಯಲು ಹೋಗಿ ಬೆರಳು ಕುಯ್ದುಕೊಂಡೆ. ಅದು ಬೇರೆ ಕತೆ. ಆದರೆ ನೋಡುತ್ತಾ ಇದ್ದೆ. ದೊಡ್ಡಪ್ಪನ ಕೈಗೆ ಒಂದು ಲಯ, ಬಾಯಿಗೆ ಇನ್ನೊಂದು ಲಯ. ಎರಡೂ ಕೂಡುತ್ತಿರಲಿಲ್ಲ. ಜಗಳವನ್ನೂ ಆಡುತ್ತಿರಲಿಲ್ಲ.

ಬೆಂಗಳೂರಿಗೆ ಬಂದು ಈ ಮಟ್ಟಿನಲ್ಲಿ ಒಂದು ಹಾಡು ಬರೆದೆ.

ಅಡಿಕೆ ಸುಲಿಯುವ ಮನೆಯ ಜಗಲಿಗೆ
ಕಡೆಯ ಬಸ್ಸಿನ ಧೂಳು ಬಂದಿತು

ಲ್ಯಾಪ್‌ಟಾಪ್ ತೆರೆದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದ ಕೂಡಲೇ ನಿಮ್ಮನ್ನು ಕೇಳದೆ ಒಂದು ನಿರ್ಧಾರ ಮಾಡಿರುತ್ತದೆ. ನಾಲ್ಕು-ನಾಲ್ಕರ ತಾಳ. ಪರದೆಯ ಮೇಲೆ ನಾಲ್ಕು ನಾಲ್ಕು ಮನೆ. ನನ್ನ ಸಾಲಿನಲ್ಲಿ 14 ಮಾತ್ರೆ, ಅದರ ಹತ್ತಿರ 16 ಮನೆ. ಪ್ರತಿ ಸಾಲಿಗೂ ಎರಡು ಮನೆ ಖಾಲಿ. ಖಾಲಿ ಬಿಡಲು ಭಯ, ಅದಕ್ಕೆ "ಓ ಓ" ತುಂಬಿದೆ. ಕನ್ನಡದ ಹೊಸ ಹಾಡುಗಳಲ್ಲಿ ಅಷ್ಟೊಂದು "ಓ ಓ" ಯಾಕಿರುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ಎಲ್ಲರೂ ಖಾಲಿ ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದಾರೆ.

ನನ್ನ ಜೊತೆ ಡ್ರಮ್ಸ್ ನುಡಿಸುವವನು ಮೃದಂಗ ಕಲಿತ ಹುಡುಗ. ಎರಡು ವಾರ ನಾನು ಒದ್ದಾಡುವುದನ್ನು ನೋಡಿ, ಒಂದು ದಿನ ಮೇಜಿನ ಮೇಲೆ ತಟ್ಟಿದ. "ತಕಿಟ ತಕಧಿಮಿ. ತಕಿಟ ತಕಧಿಮಿ. ಮಿಶ್ರ ಛಾಪು ಮಾರಾಯ. ಎರಡು ವಾರದಿಂದ ಅದನ್ನೇ ಹಾಡ್ತಾ ಇದ್ದೀಯ." ಮಿಶ್ರ ಛಾಪು ಅಂದರೆ ಏಳರ ತಾಳ. ಸಾಫ್ಟ್‌ವೇರಿನಲ್ಲಿ ಒಂದು ಕಡೆ ಕ್ಲಿಕ್ ಮಾಡಿ ನಾಲ್ಕನ್ನು ಏಳು ಮಾಡಿದ. ಅಷ್ಟೇ. "ಓ ಓ" ಎಲ್ಲ ಡಿಲೀಟ್. ಸ್ಫೂರ್ತಿಯ ಕ್ಷಣ ಕೇಳಿದ್ದಿರಲ್ಲ, ಅದು ಇದು. ಒಂದು ಸಣ್ಣ ಡ್ರಾಪ್‌ಡೌನ್ ಪಟ್ಟಿ.

ಏಳು ನಮ್ಮ ರಕ್ತದಲ್ಲೇ ಇದೆ, ನಾಲ್ಕು ಪರದೇಶಿ ಅಂತೆಲ್ಲ ನಾನು ಹೇಳುತ್ತಿಲ್ಲ. ಹಾಗೆ ಭಾಷಣ ಮಾಡುವವರಿದ್ದಾರೆ. ನಮ್ಮ ಕೋಲಾಟ, ಭಜನೆ ಎಷ್ಟೋ ನಾಲ್ಕರಲ್ಲಿ ಆರಾಮಾಗಿ ನಡೆಯುತ್ತವೆ. ಮಂದಾನಿಲ ರಗಳೆ ಅನ್ನುವ ಹಳೆಯ ಛಂದಸ್ಸು ಪೂರ್ತಿ ನಾಲ್ಕರ ಗಣ. ನನ್ನ ಆ ಹಾಡಿನ ಪದಗಳು ಏಳರಲ್ಲಿ ಹುಟ್ಟಿದ್ದವು. ನಾನು ಅವನ್ನು ಬೇರೆ ಮನೆಗೆ ಸೊಸೆ ಮಾಡಲು ಹೊರಟಿದ್ದೆ.

ಪ್ರಾಸದ ಕತೆಯೂ ಹೀಗೇ. ಇಂಗ್ಲಿಷ್ ಹಾಡು ಕೇಳಿ ಬೆಳೆದವರಿಗೆ ಪ್ರಾಸ ಅಂದರೆ ಸಾಲಿನ ಕೊನೆ. ಕನ್ನಡದಲ್ಲಿ ಕೊನೆಯ ಪ್ರಾಸ ಎಷ್ಟು ಅಗ್ಗ ನೋಡಿ. ಬಂದೆನು, ನಿಂದೆನು, ತಿಂದೆನು. ಮನೆಯಲ್ಲಿ, ಮಳೆಯಲ್ಲಿ, ಬಸ್ಸಿನಲ್ಲಿ. ಕ್ರಿಯಾಪದ, ವಿಭಕ್ತಿ ಎಲ್ಲ ಬಾಲಕ್ಕೆ ಬಂದು ಕೂರುವ ಭಾಷೆ ನಮ್ಮದು, ಹಾಗಾಗಿ ಬಾಲಗಳೆಲ್ಲ ಒಂದೇ ತರಹ. ಅದರಲ್ಲಿ ಕಷ್ಟಪಟ್ಟು ಹುಡುಕುವಂಥದ್ದು ಏನಿದೆ? ಹಳಬರು ಪ್ರಾಸವನ್ನು ಸಾಲಿನ ಮುಂದೆ ಇಟ್ಟರು, ಎರಡನೇ ಅಕ್ಷರದಲ್ಲಿ. ಶ್ರೀ-ವ, ಜೀ-ವ, ಪಾ-ವ, ರಾ-ವ. ಆರೂ ಸಾಲಿನಲ್ಲಿ ಎರಡನೇ ಅಕ್ಷರ ವಕಾರ. ಮೊದಲ ಅಕ್ಷರ ದೀರ್ಘ ಇದ್ದರೆ ಗಜಪ್ರಾಸ, ಹ್ರಸ್ವ ಇದ್ದರೆ ಸಿಂಹಪ್ರಾಸ. ಹೆಸರು ಕೇಳಿದರೇ ಒಂದು ಬ್ಯಾಂಡ್ ಕಟ್ಟಬೇಕು ಅನ್ನಿಸುತ್ತದೆ. ಗೋವಿಂದ ಪೈ ಅವರು 1911ರಲ್ಲೇ ಈ ಕಟ್ಟು ಬಿಟ್ಟು ಬರೆದರು. ಬಿಟ್ಟದ್ದು ಕವಿತೆಗೆ ಒಳ್ಳೆಯದೇ ಆಯಿತು. ಎಲ್ಲರೂ ಎಲ್ಲ ಕಾಲಕ್ಕೂ ಎರಡನೇ ಅಕ್ಷರ ಹುಡುಕುತ್ತಾ ಕೂತರೆ ಹೇಳಬೇಕಾದ್ದು ಹೇಳಲು ಆಗುವುದಿಲ್ಲ. ಆದರೆ ಹಾಡಿಗೆ ಅದು ಬೇರೆ ಕೆಲಸ ಮಾಡುತ್ತದೆ. ಸಾಲು ಶುರುವಾಗುವಾಗಲೇ ಕಿವಿಗೆ ಒಂದು ಪೆಟ್ಟು.

ಇದು ಸತ್ತುಹೋಗಿದೆ ಅಂದುಕೊಳ್ಳಬೇಡಿ. ನೀವು ಹಾಸ್ಟೆಲಿನಲ್ಲಿ ಕೇಳುವ ಕನ್ನಡ ರ್‍ಯಾಪ್ ಗಮನಿಸಿ. ಕತ್ತಲು, ಸುತ್ತಲು, ಕುತ್ತಿಗೆ, ಕತ್ತಿ. ಒತ್ತಕ್ಷರ ಎಲ್ಲಿ? ಎರಡನೇ ಜಾಗದಲ್ಲಿ. ಬೀಟು ಜೋರಾಗಿದ್ದಾಗ ಬಾಯಿಗೆ ಅದೇ ಬರುತ್ತದೆ. ಆ ಹುಡುಗರು ಹಳೆಯ ವ್ಯಾಕರಣ ಬರೆದ ಕೇಶಿರಾಜನನ್ನೂ ಓದಿಲ್ಲ, ಛಂದಸ್ಸು ಬರೆದ ನಾಗವರ್ಮನನ್ನೂ ಓದಿಲ್ಲ. ಭಾಷೆಯೇ ಅವರ ಕೈ ಹಿಡಿದುಕೊಂಡು ಹೋಗಿ ಅಲ್ಲಿ ನಿಲ್ಲಿಸಿದೆ.

ನನ್ನ ಸಾಲುಗಳಲ್ಲೂ ನೋಡಿ, ಅ-ಡಿ, ಕ-ಡೆ. ಸಿಂಹಪ್ರಾಸ. ಮೂರನೇ ಸಾಲು ಹೀಗೆ ಬರೆದೆ.

ಒಡೆದ ಬುಡ್ಡಿಯ ಬೆಳಕು ಸಾಲದು

ನನಗೇ ನನ್ನ ಮೇಲೆ ಪ್ರೀತಿ ಬಂತು. ಮಾತ್ರೆ ಸರಿ, ಪ್ರಾಸ ಸರಿ, ಮಲೆನಾಡು, ಬುಡ್ಡಿ, ಅರೆಗತ್ತಲು. ದೊಡ್ಡಪ್ಪನಿಗೆ ಫೋನಿನಲ್ಲಿ ಕೇಳಿಸಿದೆ. ಮೊದಲ ಮಾತು: "ಡೋಲು ಜಾಸ್ತಿಯಾಯ್ತು, ಮಾತೇ ಕೇಳುದಿಲ್ಲ." ಸರಿ, ಅದು ಎಲ್ಲರ ದೂರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು.

"ಬುಡ್ಡಿ ಎಲ್ಲಿತ್ತು ಮಾರಾಯ?"

"ಅಂದ್ರೆ?"

"ನೀನು ಬಂದಾಗ ಜಗಲೀಲಿ ಎರಡು ಎಲ್‌ಇಡಿ ಬಲ್ಬ್ ಇತ್ತಲ್ಲ. ಹೋದ ವರ್ಷ ನಾನೇ ಹಾಕ್ಸಿದ್ದು. ಬೆಳಕು ಸಾಲದು ಅಂತ ಯಾರು ಹೇಳಿದ್ದು? ಹಗಲಿನ ಹಾಗೆ ಬೀಳತ್ತೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಿರಿನ ಪಾಠ ಊರೂರಿಗೆ ಹೇಳಿಕೊಂಡು ತಿರುಗುವವನು ನಾನು. ಆದರೆ ಬರೆಯಲು ಕೂತಾಗ, ಕಣ್ಣೆದುರು ಇದ್ದ ಬಲ್ಬು ಬಿಟ್ಟು, ನಾನು ಹುಟ್ಟುವ ಮೊದಲೇ ಅಟ್ಟಕ್ಕೆ ಹೋದ ಬುಡ್ಡಿ ತಂದು ಹಚ್ಚಿದ್ದೆ. ಅದೂ ಒಡೆದದ್ದು. ದೊಡ್ಡಪ್ಪನಿಗೆ ಸಿಟ್ಟು ಬಂದದ್ದು ಪದ್ಯದ ವಿಚಾರಕ್ಕಲ್ಲ. ದುಡ್ಡು ಕೊಟ್ಟು ಹಾಕಿಸಿದ ಬಲ್ಬಿಗೆ ಅವಮಾನ ಆಯಿತಲ್ಲ, ಅದಕ್ಕೆ.

ಆ ಸಾಲು ತೆಗೆದೆ. ಅಲ್ಲಿಗೆ ಹಾಡು ನಿಂತಿದೆ. ನಾಲ್ಕು ತಿಂಗಳಾಯಿತು. ಎರಡನೇ ಅಕ್ಷರ ಡಕಾರ ಇರಬೇಕು, ಮೊದಲನೆಯದು ಹ್ರಸ್ವ, ಮೂರು ನಾಲ್ಕು ಮೂರು ನಾಲ್ಕು. ಮತ್ತೆ ಅದು ಆ ರಾತ್ರಿ ಆ ಜಗಲಿಯಲ್ಲಿ ನಿಜವಾಗಿ ಇದ್ದದ್ದು ಆಗಿರಬೇಕು. "ಎಲ್‌ಇಡಿ" ಅಂತ ಇಡಲು ನೋಡಿದೆ, ಎರಡನೇ ಅಕ್ಷರವೇ ಸಿಗುವುದಿಲ್ಲ. ನಿಮಗೆ ಯಾರಿಗಾದರೂ ಹೊಳೆದರೆ ಹೇಳಿ. ಹೆಸರು ಹಾಕುತ್ತೇನೆ, ರಾಯಲ್ಟಿಯಲ್ಲಿ ದೋಸೆಯ ಪಾಲನ್ನೂ ಕೊಡುತ್ತೇನೆ.

(ಇಲ್ಲಿಗೆ ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದೆ. ಕೆಲಸ ಬಿಡಬೇಕಾ, ಯಾವ ಮೈಕು ತಗೊಳ್ಳಬೇಕು, ಹೀಗೆ ಒಂದಷ್ಟು ಬಂದವು. ಕೆಲಸ ಬಿಡಬೇಡಿ ಅಂದೆ. ಮೈಕಿಗಿಂತ ಮೊದಲು ರಗ್ಗು ತಗೊಳ್ಳಿ ಅಂದೆ. ಅಷ್ಟು ಹೊತ್ತೂ ಕೊನೆಯ ಬೆಂಚಿನ ಒಬ್ಬ ಹುಡುಗಿ ನೋಟ್‌ಬುಕ್ ಮುಂದಿಟ್ಟು ಬೆರಳು ಮಡಚಿ ಎಣಿಸುತ್ತಾ ಕೂತಿದ್ದಳು. ಎಲ್ಲ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಎದ್ದು ನಿಂತಳು.)

"ಸಾರ್, ಸೊಳ್ಳೆ ಇತ್ತಾ ಅವತ್ತು?"

"ಇತ್ತಾ ಅಂದ್ರೆ! ತೋಟದ ಮನೆ."

"ಹಾಗಾದ್ರೆ, 'ಬಿಡದ ಸೊಳ್ಳೆಯ ಹಿಂಡು ಕಚ್ಚಿತು' ಅಂತ ಹಾಕಿ."

ಹಾಲ್ ಪೂರ್ತಿ ನಕ್ಕಿತು. ನಾನು ಮೇಜಿನ ಮೇಲೆ ತಟ್ಟಿ ನೋಡಿದೆ. ಬಿಡದ, ಸೊಳ್ಳೆಯ, ಹಿಂಡು, ಕಚ್ಚಿತು. ಮೂರು, ನಾಲ್ಕು, ಮೂರು, ನಾಲ್ಕು. ಡಕಾರ ಇದೆ. ಸೊಳ್ಳೆಯೂ ಇತ್ತು, ಸತ್ಯ.

"ಆದ್ರೆ ಸಾರ್," ಅಂದಳು, "ಅಲ್ಲೂ 'ಬಿ' ಎಳೀಬೇಡಿ."

ಬರೆದುಕೊಂಡು ಬಂದಿದ್ದೇನೆ. ದೊಡ್ಡಪ್ಪನಿಗೆ ಇನ್ನೂ ಕೇಳಿಸಿಲ್ಲ. ಹಿತ್ತಿಲಿಗೆ ಔಷಧಿ ಹೊಡೆಸಿದ್ದೆ ಅಂದರೂ ಅನ್ನಬಹುದು.